ಟಾರ್ಗೆಟ್ ಡಿಸ್ಟ್ರಾಯ್ಡ್ ಅಂತ ಹೇಳೋರು ಯಾರು?

ಯುದ್ಧವಿಮಾನದ ಗೇಮ್ ಆಡುವವರ ಜಗಳಗಳೇ ಬೇರೆ. ಗೆದ್ದಿದ್ದು ಯಾರು, ಸೋತಿದ್ದು ಯಾರು ಅನ್ನೋದು ಹತ್ತು ನಿಮಿಷಕ್ಕೆ ಮರೆತುಹೋಗುತ್ತೆ. ಆದರೆ "ಅಷ್ಟು ಗುಂಡು ಬಿದ್ದರೂ ಆ ರೆಕ್ಕೆ ಯಾಕೆ ಉದುರಲಿಲ್ಲ?" ಅನ್ನೋ ಜಗಳ ವಾರಗಟ್ಟಲೆ ನಡೆಯುತ್ತೆ. ನಮ್ಮ ಗುಂಪಿನಲ್ಲಿ ಆರು ಜನ. ಜಯನಗರದಲ್ಲಿ ಇಬ್ಬರು, ಜೆ.ಪಿ. ನಗರದಲ್ಲಿ ಇಬ್ಬರು, ಬನಶಂಕರಿಯಲ್ಲಿ ಒಬ್ಬ, ಬಿಟಿಎಂನ ಪಿಜಿಯಲ್ಲಿ ಒಬ್ಬ. ಒಬ್ಬರಿಗೊಬ್ಬರು ಐದಾರು ಕಿಲೋಮೀಟರ್ ದೂರದಲ್ಲೇ ಇದ್ದರೂ ಭೇಟಿ ಆಗೋದು ಮಾತ್ರ ಶುಕ್ರವಾರ ರಾತ್ರಿ, ಹೆಡ್‌ಸೆಟ್ ಹಾಕಿಕೊಂಡು, ಪೆಸಿಫಿಕ್ ಸಾಗರದ ಮೇಲೆ ಹದಿನೈದು ಸಾವಿರ ಅಡಿ ಎತ್ತರದಲ್ಲಿ. "ಮಗಾ, ನನ್ನ ರಡ್ಡರ್ ಹೋಯ್ತು!" ಅಂತ ಒಬ್ಬ ಕಿರುಚಿದರೆ, "ಹೋಗಿ ಎರಡು ನಿಮಿಷ ಆಯ್ತು, ಇನ್ನೂ ಹೇಗೋ ಹಾರ್ತಿದ್ದೀಯಲ್ಲ?" ಅಂತ ಇನ್ನೊಬ್ಬ. ಅಲ್ಲಿಂದ ಶುರು: ಇದು ರಿಯಲಿಸ್ಟಿಕ್ಕಾ, ಅಲ್ವಾ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಜನ ಜರ್ಮನಿಯ, ಅಮೆರಿಕದ, ರಷ್ಯಾದ ಹಳೇ ದಾಖಲೆಗಳನ್ನೆಲ್ಲಾ ಜಾಲಾಡುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಪೆಟ್ಟು ತಿಂದ ವಿಮಾನಗಳ ಚರಿತ್ರೆಯ ದೊಡ್ಡದೊಂದು ತುಂಡು ಇರೋದು ಸಿಲ್ಕ್ ಬೋರ್ಡ್‌ನ ಆಚೆಗೆ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ. ಇನ್ನೊಂದು ತುಂಡು ಕೊಡಗಿನಲ್ಲಿದೆ. ಅವೆರಡನ್ನೂ ಜೋಡಿಸಿ ನೋಡಿದರೆ ಗೇಮ್‌ಗಳಲ್ಲಿ ಯಾವುದು ನಿಜದ ಹತ್ತಿರ ಬಂದಿದೆ, ಯಾವುದು ಇನ್ನೂ ಬಹಳ ದೂರದಲ್ಲಿದೆ ಅನ್ನೋದು ಗೊತ್ತಾಗುತ್ತೆ.

ಮೊದಲು ಗೇಮ್ ವಿಷಯ ಮುಗಿಸಿಬಿಡೋಣ. ಆರಂಭದ ಗೇಮ್‌ಗಳಲ್ಲಿ ವಿಮಾನ ಅಂದರೆ ಒಂದು ಸಂಖ್ಯೆ, ಅಷ್ಟೇ. ನೂರು ಅಂಕ ಇಟ್ಟುಕೊಂಡು ಹೊರಡುತ್ತೆ, ಗುಂಡು ಬಿದ್ದ ಹಾಗೆಲ್ಲ ಅಂಕ ಇಳಿಯುತ್ತೆ, ಸೊನ್ನೆ ಆದಾಗ ಢಂ. ಒಂದು ಅಂಕ ಉಳಿದಿದ್ದರೂ ಹೊಸ ವಿಮಾನದಷ್ಟೇ ಚೆನ್ನಾಗಿ ಹಾರುತ್ತೆ. ಆಮೇಲೆ ವಿಮಾನವನ್ನು ಭಾಗ ಮಾಡಿದರು: ಎಡರೆಕ್ಕೆಗೆ ಇಷ್ಟು, ಬಲರೆಕ್ಕೆಗೆ ಇಷ್ಟು, ಎಂಜಿನ್ನಿಗೆ ಇಷ್ಟು. 2001ರಲ್ಲಿ ಒಲೆಗ್ ಮ್ಯಾಡಾಕ್ಸ್ ತಂಡದ 'ಐಎಲ್-2 ಸ್ಟರ್ಮೋವಿಕ್' ಬಂದಾಗ ಆಟದ ಲೆಕ್ಕವೇ ಬದಲಾಯಿತು. ಗುಂಡು ಎಲ್ಲಿ ಬಿತ್ತು, ಒಳಗೆ ಏನಿತ್ತು ಅನ್ನೋದು ಮುಖ್ಯವಾಯಿತು. ಇಂಧನ ಸೋರತೊಡಗಿತು, ಕಂಟ್ರೋಲ್ ಕೇಬಲ್ ತುಂಡಾದರೆ ಆ ಬದಿ ಕೆಲಸ ಮಾಡೋದು ನಿಂತಿತು, ಪೈಲಟ್‌ಗೂ ಗಾಯ ಆಗತೊಡಗಿತು. ಇವತ್ತು 'ವಾರ್ ಥಂಡರ್'ನ ಹ್ಯಾಂಗರಿನಲ್ಲಿ ವಿಮಾನವನ್ನು ಎಕ್ಸ್‌ರೇ ಹಾಕಿ ನೋಡಬಹುದು. ಟ್ಯಾಂಕ್ ಎಲ್ಲಿದೆ, ಪೈಲಟ್ ಎಲ್ಲಿ ಕೂತಿದ್ದಾನೆ, ಎಲ್ಲಾ ಕಾಣುತ್ತೆ. 'ಡಿಸಿಎಸ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೈಡ್ರಾಲಿಕ್, ಎಲೆಕ್ಟ್ರಿಕ್ ವ್ಯವಸ್ಥೆಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ.

ಲೋಹ ಮುರಿಯುವುದನ್ನು ತೋರಿಸೋದರಲ್ಲಿ ಗೇಮ್‌ಗಳು ಇಪ್ಪತ್ತೈದು ವರ್ಷದಲ್ಲಿ ಬಹಳ ದೂರ ಬಂದಿವೆ, ಒಪ್ಪೋಣ. ಆದರೆ ಒಂದು ವಿಷಯ ಮಾತ್ರ ಬಹುತೇಕ ಗೇಮ್‌ಗಳಲ್ಲಿ ಹಾಗೇ ಉಳಿದಿದೆ. ನಾವು ಗುಂಡು ಹೊಡೆದ ಕೂಡಲೇ ಪರದೆಯ ಮೇಲೆ ಫಲಿತಾಂಶ ಬಂದುಬಿಡುತ್ತೆ. ಹಿಟ್. ಕ್ರಿಟಿಕಲ್ ಹಿಟ್. ಟಾರ್ಗೆಟ್ ಡಿಸ್ಟ್ರಾಯ್ಡ್. ಯಾರಿಗೆ ಎಷ್ಟು ಏಟು ಬಿತ್ತು ಅನ್ನೋದು ಎಲ್ಲರಿಗೂ ತಕ್ಷಣ ಗೊತ್ತು. ನಿಜವಾದ ಯುದ್ಧದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹೊಡೆದವನಿಗೂ ಗೊತ್ತಿಲ್ಲ, ಹೊಡೆಸಿಕೊಂಡವನಿಗೂ ಗೊತ್ತಿಲ್ಲ, ನೆಲದ ಮೇಲೆ ಲೆಕ್ಕ ಬರೆದುಕೊಳ್ಳುವವನಿಗಂತೂ ಮೊದಲೇ ಗೊತ್ತಿಲ್ಲ. 1940ರ ಸೆಪ್ಟೆಂಬರ್ 15ರಂದು ಬ್ರಿಟನ್ ಮೇಲೆ ನಡೆದ ಕಾಳಗದಲ್ಲಿ 185 ಜರ್ಮನ್ ವಿಮಾನ ಬೀಳಿಸಿದೆವು ಅಂತ ಬ್ರಿಟಿಷರು ಘೋಷಿಸಿದ್ದರು. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆ ನೋಡಿದರೆ ಬಿದ್ದದ್ದು ಸುಮಾರು 60. ಪೈಲಟ್‌ಗಳು ಬೇಕಂತ ಸುಳ್ಳು ಹೇಳಿದ್ದಲ್ಲ. ಒಂದೇ ವಿಮಾನಕ್ಕೆ ಮೂವರು ಹೊಡೆದರೆ ಮೂವರೂ ತಮ್ಮದೇ ಅಂದುಕೊಳ್ಳುತ್ತಾರೆ. ಹೊಗೆ ಬಿಟ್ಟುಕೊಂಡು ಮೋಡದೊಳಗೆ ಹೋದ ವಿಮಾನ ಬಿತ್ತು ಅಂದುಕೊಳ್ಳೋದು ಸಹಜ. ಅದು ಹಾಗೇ ಮನೆಗೆ ಹೋಗಿ ಇಳಿದಿರುತ್ತೆ.

ಏಟು ಬಿದ್ದ ವಿಮಾನವನ್ನು ನೋಡಿ ಏನು ತಿಳಿಯಬಹುದು, ಏನು ತಿಳಿಯಲಾಗದು ಅನ್ನೋದನ್ನು ಗಣಿತದಲ್ಲಿ ಹಿಡಿದವನು ಅಬ್ರಹಾಂ ವಾಲ್ಡ್. ನಿಮ್ಮಲ್ಲಿ ಡೇಟಾ ಸೈನ್ಸ್ ಕೆಲಸ ಮಾಡುವವರಿಗೆ, ಸ್ಟಾರ್ಟಪ್‌ನವರಿಗೆ ಈ ಹೆಸರು ಗೊತ್ತಿರುತ್ತೆ. ಮೈತುಂಬ ಕೆಂಪು ಚುಕ್ಕೆ ಇರುವ ವಿಮಾನದ ಚಿತ್ರ ಎಷ್ಟು ಆಫೀಸುಗಳ ಪ್ರೆಸೆಂಟೇಶನ್‌ನಲ್ಲಿ ಬಂದಿಲ್ಲ ಹೇಳಿ? ಆ ಚಿತ್ರ ವಾಲ್ಡ್ ಬರೆದದ್ದಲ್ಲ, ಬಹಳ ಈಚೆಗೆ ಯಾರೋ ಉದಾಹರಣೆಗೆಂದು ಮಾಡಿದ್ದು. ಆದರೆ ಕತೆಯ ತಿರುಳು ನಿಜ. ಹಂಗೆರಿಯ ಯಹೂದಿ ಕುಟುಂಬದಲ್ಲಿ 1902ರಲ್ಲಿ ಹುಟ್ಟಿ, 1938ರಲ್ಲಿ ಹಿಟ್ಲರನ ಕಾಟಕ್ಕೆ ಅಮೆರಿಕಕ್ಕೆ ಹೋದ ವಾಲ್ಡ್, ಎರಡನೇ ಮಹಾಯುದ್ಧದ ಹೊತ್ತಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದ. 1943ರಲ್ಲಿ ಅವನು ಈ ವಿಷಯದ ಮೇಲೆ ಎಂಟು ಟಿಪ್ಪಣಿ ಬರೆದ.

ಅದರಲ್ಲಿ ಒಂದು ಕಾಲ್ಪನಿಕ ಲೆಕ್ಕ ಬರುತ್ತೆ. 400 ವಿಮಾನ ದಾಳಿಗೆ ಹೋದವು ಅಂದುಕೊಳ್ಳಿ. 320 ಒಂದೂ ಗುಂಡು ತಾಗದೆ ಬಂದವು. 32 ಒಂದು ಏಟು ತಿಂದು ಬಂದವು, 20 ಎರಡು ತಿಂದು, 4 ಮೂರು ತಿಂದು, 2 ನಾಲ್ಕು ತಿಂದು, 2 ಐದು ತಿಂದು ಬಂದವು. ಕೂಡಿಸಿದರೆ 380. ಮಿಕ್ಕ 20 ಬರಲೇ ಇಲ್ಲ. ನಮ್ಮ ಕೈಲಿರುವುದು ಬಂದವುಗಳ ಮೈಮೇಲಿನ ತೂತು. ನಮಗೆ ಬೇಕಾಗಿರುವುದು ಬಾರದೆ ಹೋದ ಇಪ್ಪತ್ತರ ಕತೆ. ವಾಲ್ಡ್ ಮಾಡಿದ್ದು, ಇದ್ದ ತೂತುಗಳಿಂದ ಇಲ್ಲದ ವಿಮಾನಗಳ ಬಗ್ಗೆ ಎಷ್ಟು ಹೇಳಬಹುದು ಅನ್ನೋ ಲೆಕ್ಕ. ತೂತು ಹೆಚ್ಚಿದ್ದ ಕಡೆ ವಿಮಾನ ಗಟ್ಟಿ, ಅಲ್ಲಿ ಏಟು ತಿಂದೂ ಬಂದಿದೆ. ತೂತು ಕಡಿಮೆ ಕಂಡ ಕಡೆಯೇ ಅಪಾಯ, ಅಲ್ಲಿ ಏಟು ತಿಂದವು ಬರಲಿಲ್ಲ.

ವಾಲ್ಡ್‌ನ ಕೊನೆ ನಮ್ಮ ನೆರೆಯಲ್ಲೇ ಆಯಿತು. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಕೊಡಲು ಬಂದಿದ್ದ. ಕಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ನೋಡಿ ಆಗಿತ್ತು. 1951ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಸೈನ್ಸ್ ಕಾಂಗ್ರೆಸ್‌ಗೆ ಬರಬೇಕಿತ್ತು. 1950ರ ಡಿಸೆಂಬರ್ 13ರಂದು ಅವನೂ ಅವನ ಹೆಂಡತಿಯೂ ಕೂತಿದ್ದ ಏರ್ ಇಂಡಿಯಾದ ಡಕೋಟಾ ನೀಲಗಿರಿ ಬೆಟ್ಟಕ್ಕೆ ಬಡಿದು ಇಬ್ಬರೂ ತೀರಿಕೊಂಡರು. ಬಾರದೆ ಹೋದ ವಿಮಾನಗಳ ಲೆಕ್ಕ ಹಾಕಿದವನ ವಿಮಾನವೇ ಬರಲಿಲ್ಲ.

ವಾಲ್ಡ್ ನ್ಯೂಯಾರ್ಕಿನಲ್ಲಿ ಕಾಗದದ ಮೇಲೆ ಈ ಲೆಕ್ಕ ಹಾಕುತ್ತಿದ್ದ ಅದೇ 1943ರಲ್ಲಿ, ಬೆಂಗಳೂರಿನಲ್ಲಿ ಜನ ಸುತ್ತಿಗೆ, ರಿವೆಟ್ ಹಿಡಿದು ನಿಂತಿದ್ದರು. ಎಚ್‌ಎಎಲ್ ಶುರುವಾಗಿದ್ದು 1940ರ ಡಿಸೆಂಬರ್‌ನಲ್ಲಿ, ಹಿಂದುಸ್ಥಾನ್ ಏರ್‌ಕ್ರಾಫ್ಟ್ ಅನ್ನೋ ಹೆಸರಿನಲ್ಲಿ. ಉದ್ಯಮಿ ವಾಲ್ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಮಾಡಿದ್ದು, ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1941ರಲ್ಲಿ ಹಾರ್ಲೋ ಅನ್ನೋ ತರಬೇತಿ ವಿಮಾನ ಜೋಡಿಸಿ ಹಾರಿಸಿಯೂ ಆಗಿತ್ತು. ಅಷ್ಟರಲ್ಲಿ ಜಪಾನ್ ಬರ್ಮಾವನ್ನು ನುಂಗಿ ಬಾಗಿಲಿಗೆ ಬಂತು. ಹೊಸ ವಿಮಾನ ಕಟ್ಟುವುದಕ್ಕಿಂತ ಇರುವ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಡುವುದು ಮುಖ್ಯವಾಯಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಕಾರ್ಖಾನೆಯ ಆಡಳಿತ ವಹಿಸಿಕೊಂಡಿತು. ಅವರ ಕಡತದಲ್ಲಿ ನಮ್ಮ ಎಚ್‌ಎಎಲ್‌ಗೆ 84ನೇ ಏರ್ ಡಿಪೋ ಅಂತ ಹೆಸರು.

ಇಲ್ಲಿಗೆ ಡಕೋಟಾ ಬಂದವು, ಮಿಚೆಲ್ ಬಾಂಬರ್ ಬಂದವು, ಲಿಬರೇಟರ್ ಬಂದವು. ನೀರಿನ ಮೇಲೂ ಇಳಿಯುವ ಕ್ಯಾಟಲಿನಾ ಬಂದವು, ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಅದೇ ನೊರೆ ಕೆರೆ. ಔಟರ್ ರಿಂಗ್ ರೋಡಿನ ಆಫೀಸಿನ ಕಿಟಕಿಯಿಂದ ಕಾಣುತ್ತಲ್ಲ, ಅದೇ.

ಪೆಟ್ಟು ತಿಂದ ವಿಮಾನವನ್ನು ರಿಪೇರಿ ಮಾಡೋದು ಅಂದರೆ ಏನು ಅನ್ನೋದನ್ನು ಸ್ವಲ್ಪ ಯೋಚಿಸಿ. ಹೊರಗಿನ ತಗಡಿನಲ್ಲಿ ಬೆರಳು ತೂರುವಷ್ಟು ತೂತು ಇದೆ. ಅದನ್ನು ಮುಚ್ಚೋದು ಕಷ್ಟವಲ್ಲ: ಹರಿದ ಅಂಚನ್ನು ಕತ್ತರಿಸಿ ದುಂಡಗೆ ಮಾಡಬೇಕು, ಚೂಪಾದ ಮೂಲೆ ಬಿಟ್ಟರೆ ಅಲ್ಲಿಂದ ಬಿರುಕು ಹರಿಯುತ್ತೆ. ಮೇಲೆ ಅಲ್ಯೂಮಿನಿಯಂ ತೇಪೆ ಇಟ್ಟು ಸಾಲಾಗಿ ರಿವೆಟ್ ಹೊಡೆಯಬೇಕು. ಆದರೆ ಆ ಗುಂಡು ಒಳಗೆ ಹೋಗಿ ಏನು ಮಾಡಿದೆ? ರೆಕ್ಕೆಯ ಬೆನ್ನೆಲುಬಿನಂಥ ತೊಲೆಗೆ ತಾಗಿದೆಯಾ? ಕೇಬಲ್‌ನ ಏಳೆಂಟು ಎಳೆಗಳಲ್ಲಿ ನಾಲ್ಕು ಹರಿದು ಮಿಕ್ಕವು ಜೋತುಬಿದ್ದಿವೆಯಾ? ಹೊರಗಿನ ದೊಡ್ಡ ತೂತಿನ ಹಿಂದೆ ಏನೂ ಆಗದಿರಬಹುದು, ಸಣ್ಣ ತೂತಿನ ಹಿಂದೆ ಮುಂದಿನ ಹಾರಾಟದಲ್ಲಿ ಪೈಲಟ್‌ನ ಜೀವ ತೆಗೆಯುವ ಗಾಯ ಇರಬಹುದು. ಗೇಮ್‌ನಲ್ಲಿ ಇದಕ್ಕೆ ಎಕ್ಸ್‌ರೇ ಇದೆ. ಕಾರ್ಖಾನೆಯಲ್ಲಿ ಇದ್ದದ್ದು ಟಾರ್ಚು, ಕನ್ನಡಿ, ಬೆರಳು.

ಯುದ್ಧ ಮುಗಿಯಿತು. ಅಮೆರಿಕದವರು ಹೋದರು, ಎಚ್‌ಎಎಲ್ ಹೊಟ್ಟೆಪಾಡಿಗೆ ರೈಲು ಬೋಗಿ ಕಟ್ಟತೊಡಗಿತು. ಆಗ ಬಂತು ನನಗೆ ಈ ಚರಿತ್ರೆಯಲ್ಲೇ ಅತ್ಯಂತ ಇಷ್ಟವಾದ ಅಧ್ಯಾಯ.

ಲಿಬರೇಟರ್, ಅಂದರೆ ಬಿ-24, ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರ್. ಎರಡನೇ ಮಹಾಯುದ್ಧದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಕಟ್ಟಿದರು. ಬ್ರಿಟಿಷ್ ವಾಯುಪಡೆ ಭಾರತದಲ್ಲಿ ಇವನ್ನು ಬಳಸಿತ್ತು. ಯುದ್ಧ ಮುಗಿದಾಗ, ಒಪ್ಪಂದದ ಪ್ರಕಾರ ಅವನ್ನು ಬೇರೆಯವರು ಬಳಸದ ಹಾಗೆ ಮಾಡಬೇಕಿತ್ತು. ಕಾನ್ಪುರದ ವಿಮಾನನೆಲೆಯಲ್ಲಿ ಸಾಲಾಗಿ ನಿಲ್ಲಿಸಿ ತಾವೇ ಹಾಳುಮಾಡಿದರು. ಭಾರವಾದ ವಾಹನ ಗುದ್ದಿಸಿದರು, ಮೈಗೆ ತೂತು ಕೊರೆದರು, ಉಪಕರಣಗಳನ್ನು ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು. ಶತ್ರು ಮಾಡುವ ಹಾನಿಗೆ ಒಂದು ಲೆಕ್ಕಾಚಾರ ಇರಲ್ಲ, ಎಲ್ಲೆಲ್ಲೋ ಬೀಳುತ್ತೆ. ಇಲ್ಲಿ ಹಾನಿ ಮಾಡಿದವರು ವಿಮಾನವನ್ನು ಬಲ್ಲವರು. ಎಲ್ಲಿ ಹೊಡೆದರೆ ಮತ್ತೆ ಏಳುವುದಿಲ್ಲ ಅಂತ ಗೊತ್ತಿದ್ದವರು. ಗೇಮ್ ಭಾಷೆಯಲ್ಲಿ ಹೇಳೋದಾದರೆ ಎಲ್ಲಾ ಭಾಗವೂ ಕಪ್ಪು.

1948ರಲ್ಲಿ ಹೊಸ ಭಾರತಕ್ಕೆ ದೊಡ್ಡ ಬಾಂಬರ್ ಬೇಕಾಗಿತ್ತು, ಕೊಳ್ಳೋಕೆ ದುಡ್ಡೂ ಇಲ್ಲ, ಕೊಡೋರೂ ಇಲ್ಲ. ಎಚ್‌ಎಎಲ್‌ನವರನ್ನು ಕಾನ್ಪುರಕ್ಕೆ ಕಳಿಸಿದರು. ಅವರು ಆ ಗುಜರಿಯ ನಡುವೆ ಓಡಾಡಿ, ಒಂದರ ರೆಕ್ಕೆ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಹೊಂದಿಸಿ, ಬೆಂಗಳೂರಿನವರೆಗೆ ಹಾರಿದರೆ ಸಾಕು ಅನ್ನುವಷ್ಟು ಮಟ್ಟಿಗೆ ಒಂದೊಂದನ್ನೇ ಎಬ್ಬಿಸಿದರು. ಅವನ್ನು ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ. ಕಾನ್ಪುರದಿಂದ ಬೆಂಗಳೂರಿಗೆ ಸುಮಾರು 1,500 ಕಿ.ಮೀ. ಒಡೆದ ಉಪಕರಣದ, ತೇಪೆ ಹಾಕಿದ, ಮರಳು ಕುಡಿದ ವಿಮಾನದಲ್ಲಿ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಜೋಡಿಸಿ ವಾಯುಪಡೆಗೆ ಒಪ್ಪಿಸಿದರು. ಹೀಗೆ ಎದ್ದು ನಿಂತವು ನಲವತ್ತಕ್ಕೂ ಹೆಚ್ಚು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿದ್ದು ಈ ವಿಮಾನಗಳೊಂದಿಗೆ. ಕೊನೆಯವು ನಿವೃತ್ತಿಯಾದದ್ದು 1968ರಲ್ಲಿ. "ಇನ್ನು ಹಾರಲ್ಲ" ಅಂತ ಮಾಲೀಕರೇ ಮರಣಪತ್ರ ಬರೆದ ಮೇಲೆ ಇಪ್ಪತ್ತು ವರ್ಷ.

ಇದರ ಮುಂದುವರಿಕೆ ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿ ಸಾವಿರಗಟ್ಟಲೆ ಲಿಬರೇಟರ್‌ಗಳನ್ನು ಕರಗಿಸಿ ಅಲ್ಯೂಮಿನಿಯಂ ಮಾಡಿದ್ದರು. ಮ್ಯೂಸಿಯಂಗಳಿಗೆ ಒಂದು ಬೇಕು ಅನಿಸಿದಾಗ ಎಲ್ಲಿದೆ? ಭಾರತದಲ್ಲಿ. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿರುವುದು, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿರುವುದು, ಕೆನಡಾದ ಒಟ್ಟಾವಾದಲ್ಲಿರುವುದು, ಎಲ್ಲಾ ಭಾರತೀಯ ವಾಯುಪಡೆಯಲ್ಲಿ ದುಡಿದು ಹೋದವು. ಇನ್ನೊಂದು ದೆಹಲಿಯ ಪಾಲಂನಲ್ಲಿದೆ. ವಾಲ್ಡ್ ಹೇಳಿದ ಹಾಗೆ, ಉಳಿದು ಬಂದದ್ದನ್ನು ನೋಡುವಾಗ ಅದು ಯಾಕೆ ಉಳಿಯಿತು ಅಂತ ಕೇಳಬೇಕು. ಇವು ಉಳಿದದ್ದು ಗುಂಡು ತಾಗದೆ ಇದ್ದದ್ದಕ್ಕಲ್ಲ. ಬೆಂಗಳೂರಿನಲ್ಲಿ ಯಾರೋ ಕೂತು ತೇಪೆ ಹಾಕಿದ್ದಕ್ಕೆ.

ಗೇಮ್‌ನಲ್ಲೂ ರಿಪೇರಿ ಇದೆ. ರನ್‌ವೇ ಮೇಲೆ ಇಳಿದು ಸ್ವಲ್ಪ ಹೊತ್ತು ನಿಂತರೆ ಪರದೆಯ ಮೂಲೆಯಲ್ಲಿ ಕೆಂಪಾಗಿದ್ದ ರೆಕ್ಕೆ ಮತ್ತೆ ಬಿಳಿ ಆಗುತ್ತೆ. ಪಂದ್ಯ ಮುಗಿದ ಮೇಲೆ ಬೆಳ್ಳಿ ನಾಣ್ಯದಲ್ಲಿ ಒಂದಿಷ್ಟು ಕಳೆಯುತ್ತಾರೆ. ಮಾಡಿದವರು ಯಾರು? ಕಾಣಲ್ಲ. ಮುರಿಯುವ ಕ್ಷಣಕ್ಕೆ ಸಾವಿರ ಗಂಟೆ ಪ್ರೋಗ್ರಾಮಿಂಗ್, ಜೋಡಿಸುವ ಕೆಲಸಕ್ಕೆ ಒಂದು ಕೌಂಟ್‌ಡೌನ್. ಯುದ್ಧದಲ್ಲಿ ಇದ್ದದ್ದು ತದ್ವಿರುದ್ಧ ಅನುಪಾತ: ಮುರಿಯೋಕೆ ಎರಡು ಸೆಕೆಂಡು, ಜೋಡಿಸೋಕೆ ವಾರಗಟ್ಟಲೆ.

ರಿಪೇರಿ ಮಾಡಿ ಮಾಡಿ ಕಲಿತದ್ದು ಮುಂದೆ ಕಟ್ಟುವಾಗ ಕೆಲಸಕ್ಕೆ ಬರುತ್ತೆ. ಗೇಮ್ ಆಡುವವರೆಲ್ಲರಿಗೂ ಫೋಕ್-ವುಲ್ಫ್ 190 ಗೊತ್ತು. ಅದರ ವಿನ್ಯಾಸಕಾರ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್ ಜೊತೆ ಸೇರಿ ಎಚ್‌ಎಫ್-24 ಮಾರುತ್ ರೂಪಿಸಿದರು. ಮೊದಲು ಹಾರಿದ್ದು 1961ರ ಜೂನ್ 17ರಂದು, ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಅದರ ಎಂಜಿನ್ ಶಕ್ತಿ ಸಾಲದು ಅನ್ನೋ ದೂರು ಕೊನೆವರೆಗೂ ಇತ್ತು, ಅದು ನಿಜವೂ ಹೌದು. ಆದರೆ ಎಂಜಿನ್ ಎರಡಿದ್ದವು. ಹೈಡ್ರಾಲಿಕ್ ಕೈಕೊಟ್ಟರೆ ಕಂಟ್ರೋಲ್ ತಾನಾಗಿ ಕೈಬಲದ ವ್ಯವಸ್ಥೆಗೆ ಬದಲಾಗುತ್ತಿತ್ತು. 1971ರ ಯುದ್ಧದಲ್ಲಿ ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಕಳೆದುಕೊಂಡ ಮಾರುತ್‌ಗಳು ಮೂರು ಸಲ ವಾಪಸ್ ಬಂದವು. ಅವುಗಳಲ್ಲಿ ಒಂದು ಗಡಿಯಾಚೆ ಸುಮಾರು 240 ಕಿ.ಮೀ. ಒಳಗಿನಿಂದ, ಒಂದೇ ಎಂಜಿನ್ನಿನಲ್ಲಿ, ಜೊತೆಗೆ ಯಾರೂ ಇಲ್ಲದೆ. ಅಷ್ಟು ಹೊತ್ತು ಕಾಕ್‌ಪಿಟ್‌ನಲ್ಲಿ ಕೂತವನ ಮನಸ್ಸಿನಲ್ಲಿ ಇದ್ದ ಪ್ರಶ್ನೆ ಒಂದೇ ಇರಬೇಕು: ಇನ್ನೂ ಏನೇನು ಹೋಗಿದೆ? ಅದಕ್ಕೆ ಉತ್ತರ ಕೊಡುವ ಬಣ್ಣದ ಚಿತ್ರ ಅವನ ಮುಂದೆ ಇರಲಿಲ್ಲ.

ಈಗ ಆರು ವರ್ಷ ಹಿಂದಕ್ಕೆ ಹೋಗೋಣ, ಇನ್ನೊಂದು ಯುದ್ಧಕ್ಕೆ, ಕೊಡಗಿನವರೊಬ್ಬರ ಕತೆಗೆ. ಏಟಿನ ಅಳತೆ ಯಾರಿಗೂ ಸಿಗಲ್ಲ ಅಂತ ನಾನು ಇಷ್ಟು ಹೊತ್ತು ಹೇಳಿದ್ದು ಇವರಿಗಾಗಿಯೇ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಆದಂಪುರದಿಂದ 1ನೇ ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಬೆಳಗಿನ ಜಾವ ಹೊರಟವು. ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ಮೂಲ ಪಟ್ಟಿಯಲ್ಲಿ ಇರಲಿಲ್ಲ, ಕಾಯ್ದಿರಿಸಿದವರಲ್ಲಿ ಒಬ್ಬರು. ಹೋಗಬೇಕಿದ್ದವರಲ್ಲಿ ಜಾಗ ಖಾಲಿಯಾದಾಗ ಅವರು ಹಾರಿದರು. ದಾಳಿ ಮುಗಿಸಿ ಹಿಂದಿರುಗುವಾಗ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರ್ ಬೆನ್ನುಹತ್ತಿತು. ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸ್ಟಾರ್‌ಫೈಟರ್ ಅಂದರೆ ಆ ಕಾಲದಲ್ಲಿ ಶಬ್ದದ ಎರಡರಷ್ಟು ವೇಗದ ವಿಮಾನ. ಮಿಸ್ಟೇರ್ ಸಮತಟ್ಟಾಗಿ ಹಾರುವಾಗ ಶಬ್ದದ ವೇಗವನ್ನೂ ದಾಟಲಾರದು. ಗೇಮ್‌ನಲ್ಲಿ ಇಂಥ ಜೋಡಿ ಬಿದ್ದರೆ ಮ್ಯಾಚ್‌ಮೇಕಿಂಗ್‌ಗೆ ಬೈದು ಹೊರಗೆ ಬರುತ್ತೀವಿ.

ಸ್ಟಾರ್‌ಫೈಟರ್‌ನ ಗುಂಡು ದೇವಯ್ಯನವರ ವಿಮಾನಕ್ಕೆ ತಾಗಿತು. ಹೊಡೆದವರ ಕಣ್ಣಿಗೆ ಅದು ಮುಗಿದ ಕತೆ. ಇಲ್ಲಿಗೆ ಗೇಮ್‌ನಲ್ಲಿ ಪರದೆಯ ಮೇಲೆ ಸಂದೇಶ ಬಂದಿರುತ್ತಿತ್ತು. ಆದರೆ ಮಿಸ್ಟೇರ್ ಬೀಳಲಿಲ್ಲ. ಪೆಟ್ಟು ತಿಂದ ವಿಮಾನದಲ್ಲಿ, ಎಷ್ಟು ಪೆಟ್ಟಾಗಿದೆ ಅಂತ ತಮಗೇ ಗೊತ್ತಿಲ್ಲದ ಸ್ಥಿತಿಯಲ್ಲಿ, ದೇವಯ್ಯ ತಿರುಗಿ ಸ್ಟಾರ್‌ಫೈಟರ್ ಮೇಲೆಯೇ ಹೋದರು. ಅದರ ಪುಟ್ಟ ರೆಕ್ಕೆಗಳು ನೇರ ಓಟಕ್ಕೆ ಹೇಳಿ ಮಾಡಿಸಿದ್ದು, ನಿಧಾನಗತಿಯ ತಿರುವಿನಲ್ಲಿ ಅವು ಕೈಕೊಡುತ್ತವೆ. ಮಿಸ್ಟೇರ್‌ನ 30 ಎಂಎಂ ಫಿರಂಗಿಯ ಗುಂಡು ತಾಗಿ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ.

ಈ ಕಡೆ ಆದಂಪುರದಲ್ಲಿ ಗೊತ್ತಾದದ್ದು ಇಷ್ಟೇ: ಒಂದು ವಿಮಾನ ಬರಲಿಲ್ಲ. ಜೊತೆಗಿದ್ದವರು ಯಾರೂ ಆ ಕಾಳಗ ನೋಡಿರಲಿಲ್ಲ. ಕಡತದಲ್ಲಿ "ಕಾಣೆಯಾಗಿದ್ದಾರೆ" ಅಂತ ಬರೆದರು. ವಾಲ್ಡ್‌ನ ಕೋಷ್ಟಕದ ಇಪ್ಪತ್ತರಲ್ಲಿ ಒಂದು. ಹೇಗೆ ಹೋಯಿತು, ಎಷ್ಟು ಏಟು ತಿಂದಿತ್ತು, ಕೊನೆಯ ನಿಮಿಷಗಳಲ್ಲಿ ಏನು ಮಾಡಿತು, ಯಾವುದಕ್ಕೂ ಸಾಕ್ಷಿ ಇಲ್ಲ. ಇದ್ದ ಒಬ್ಬನೇ ಸಾಕ್ಷಿ ಎದುರಾಳಿ, ಅವನು ಗಡಿಯ ಆಚೆ.

ಹದಿನಾಲ್ಕು ವರ್ಷ ಹೀಗೇ ಕಳೆಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, 1965ರ ವೈಮಾನಿಕ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕ ಹೊರಬಂತು. ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿದ್ದ ವಿಷಯ ಅದರಲ್ಲಿತ್ತು. ಆ ದಿನ ಆ ಜಾಗದಲ್ಲಿ ಬಾರದೆ ಹೋದ ಮಿಸ್ಟೇರ್ ಯಾವುದು ಅಂತ ಈ ಕಡೆಯವರು ತಾಳೆ ನೋಡಿದಾಗ ಉಳಿದದ್ದು ಒಂದೇ ಹೆಸರು. ತನೇಜಾ ಅವರು ವಿಷಯವನ್ನು ಸರ್ಕಾರದ ಮುಂದಿಟ್ಟರು. 1988ರಲ್ಲಿ, ಅಂದರೆ 23 ವರ್ಷದ ಮೇಲೆ, ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಆ ಕಾಳಗದ ಬಗ್ಗೆ ಎರಡೂ ದೇಶದಲ್ಲಿ ಬಂದ ಬರಹಗಳಲ್ಲಿ ಕೆಲವು ವಿವರಗಳು ಇವತ್ತಿಗೂ ಒಂದಕ್ಕೊಂದು ತಾಳೆ ಬೀಳುವುದಿಲ್ಲ. ಅದು ಆಶ್ಚರ್ಯವೂ ಅಲ್ಲ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಸಿನಿಮಾ ಈ ಘಟನೆಯ ಎಳೆ ಹಿಡಿದೇ ಮಾಡಿದ್ದು. ಅದರಲ್ಲಿ ಪಾತ್ರದ ಹೆಸರು ಬೇರೆ.

"ಟಾರ್ಗೆಟ್ ಡಿಸ್ಟ್ರಾಯ್ಡ್" ಅನ್ನೋ ಸಂದೇಶ ಅಮ್ಜದ್ ಹುಸೇನರ ಮನಸ್ಸಿನಲ್ಲಿ ಬಂದದ್ದು ಕೆಲವು ನಿಮಿಷ ಮೊದಲೇ. ದೇವಯ್ಯನವರ ಮನೆಗೆ ಅವರ ಲೆಕ್ಕದ ಸಂದೇಶ ಬಂದದ್ದು 23 ವರ್ಷ ತಡವಾಗಿ. ಈ ನಡುವಿನ ಅಂತರಕ್ಕೆ ಯಾವ ಡ್ಯಾಮೇಜ್ ಮಾಡೆಲ್‌ನಲ್ಲೂ ಜಾಗ ಇಲ್ಲ.

"ಅಯ್ಯೋ ಬಿಡು ಗುರೂ, ಗೇಮ್ ಗೇಮೇ" ಅಂತ ನಮ್ಮ ಬನಶಂಕರಿ ಗೆಳೆಯ ಹೇಳ್ತಾನೆ. ಅವನ ಮಾತೂ ಸರಿ. ವಾರವಿಡೀ ಜಿರಾ ಟಿಕೆಟ್ ಮುಚ್ಚಿ ಬಂದವನಿಗೆ ರಾತ್ರಿ ಹನ್ನೊಂದಕ್ಕೆ ಫಲಿತಾಂಶವಿಲ್ಲದ ಆಟ ಯಾಕೆ ಬೇಕು? 23 ವರ್ಷ ಕಾಯುವ ಗೇಮನ್ನು ಯಾರೂ ಕೊಳ್ಳಲ್ಲ. ಆದರೆ ನಾವು "ರಿಯಲಿಸಂ" ಅಂತ ಜಗಳ ಆಡುವಾಗ ಯಾವುದರ ಬಗ್ಗೆ ಆಡುತ್ತಿದ್ದೇವೆ ಅನ್ನೋದು ಗೊತ್ತಿದ್ದರೆ ಒಳ್ಳೆಯದು. ಹೊಗೆಯ ಬಣ್ಣ, ರೆಕ್ಕೆ ಮುರಿಯುವ ಕೋನ, ತೂತಿನ ಅಂಚು, ಇವೆಲ್ಲ ಹಾನಿಯ ಹೊರರೂಪ. ಹಾನಿಯ ಒಳರೂಪ ಎರಡು: ಎಷ್ಟಾಗಿದೆ ಅಂತ ಯಾರಿಗೂ ಗೊತ್ತಾಗದಿರೋದು, ಮತ್ತು ಆಮೇಲೆ ಯಾರೋ ಅದನ್ನು ಸರಿಮಾಡಬೇಕಾಗಿರೋದು.

ಮೊದಲನೆಯದನ್ನು ನಾವೇ ಸ್ವಲ್ಪ ಮಟ್ಟಿಗೆ ತಂದುಕೊಳ್ಳಬಹುದು. ಕೆಲವು ಸಿಮ್ಯುಲೇಟರ್‌ಗಳಲ್ಲಿ ಪರದೆಯ ಮೇಲಿನ ಸಂದೇಶ, ಗುರುತು ಎಲ್ಲವನ್ನೂ ಆಫ್ ಮಾಡುವ ಸೆಟ್ಟಿಂಗ್ ಇದೆ. ಈಗ ತಿಂಗಳಿಗೊಂದು ಶುಕ್ರವಾರ ನಾವು ಹಾಗೆ ಆಡ್ತೀವಿ. ಹೊಡೆದ ವಿಮಾನ ಹೊಗೆ ಬಿಟ್ಟುಕೊಂಡು ಮೋಡದೊಳಗೆ ಹೋಗುತ್ತೆ, ಅಷ್ಟೇ. ಬಿತ್ತಾ, ಇಲ್ಲವಾ? ಹೆಡ್‌ಸೆಟ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಬೆನ್ನ ಹಿಂದೆ ನೋಡುವುದು ಜಾಸ್ತಿ ಆಗಿದೆ.

ಎರಡನೆಯದಕ್ಕೆ ಸೆಟ್ಟಿಂಗ್ ಇಲ್ಲ. ಅದಕ್ಕೆ ಒಂದು ಭಾನುವಾರ ಬೆಳಿಗ್ಗೆ, ಟ್ರಾಫಿಕ್ ಏಳೋ ಮುಂಚೆ, ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ಮಾರುತ್ ನಿಂತಿದೆ. ಮಕ್ಕಳು ಅದರ ಮೂಗಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಸ್ವಲ್ಪ ಪಕ್ಕಕ್ಕೆ ಹೋಗಿ ಮೈಯ ಮೇಲಿನ ರಿವೆಟ್ ಸಾಲುಗಳನ್ನು ನೋಡಿ. ಸಾವಿರಾರು ಇವೆ. ಒಂದೊಂದನ್ನೂ ಯಾರೋ ಒಬ್ಬರು, ಒಳಗಿನಿಂದ ಇನ್ನೊಬ್ಬರು ಹಿಡಿದುಕೊಂಡಿರುವಾಗ, ಹೊಡೆದಿದ್ದಾರೆ.